ಶನಿವಾರ ಮಧ್ಯಾಹ್ನದ ಮೈದಾನ

ಶನಿವಾರ ಮುಂಜಾನೆ ಶಾಲೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಕೊನೆಯ ಗಂಟೆ ಬಾರಿಸುತ್ತದೆ. ಮಕ್ಕಳು ಪಾಟಿಚೀಲ ಹೆಗಲಿಗೇರಿಸಿ ಗೇಟಿನತ್ತ ಓಡುತ್ತಾರೆ. ರಾಯಚೂರಿನಿಂದ ಬಂದುಹೋಗುವ ಶಿಕ್ಷಕರು ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ. ಅಡುಗೆಯವರು ಬಿಸಿಯೂಟದ ಪಾತ್ರೆ ತೊಳೆದಿಟ್ಟು ಕೋಣೆಗೆ ಬೀಗ ಹಾಕುತ್ತಾರೆ. ಆಗ ಮೈದಾನದ ಬೇವಿನ ಮರದ ನೆರಳಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಕೊರಳಿಗೆ ಸ್ಕಾರ್ಫ್, ಸೊಂಟಕ್ಕೆ ಸುತ್ತಿದ ಒಂದು ಹಗ್ಗ. ಎದುರಿಗೆ ಶಿಳ್ಳೆ ಹಿಡಿದು ನಿಂತ ಒಬ್ಬ ಮಾಸ್ತರು.

ದೇವದುರ್ಗದ ಸ್ಕೌಟ್ ಚಳವಳಿಯ ಬಗ್ಗೆ ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದು ಗೆಳೆಯರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಈ ಮರ. ಇದರ ಕೆಳಗೆ ನಾನು ಮೊದಲು ಹುಡುಗನಾಗಿ ನಿಂತೆ, ಆಮೇಲೆ ಶಿಕ್ಷಕನಾಗಿ ನಿಂತೆ. ಸಂಸ್ಥೆಯ ಇತಿಹಾಸವೆಂದರೆ ಅಧ್ಯಕ್ಷರ ಪಟ್ಟಿ, ಉದ್ಘಾಟನೆಯ ಫೋಟೋ, ಪ್ರಶಸ್ತಿಗಳ ಲೆಕ್ಕ ಎಂದು ನಾವು ರೂಢಿ ಮಾಡಿಕೊಂಡಿದ್ದೇವೆ. ಅವೆಲ್ಲ ಇರಲಿ. ನಮ್ಮ ಕಡೆ ಈ ಚಳವಳಿ ಇಷ್ಟು ವರ್ಷ ಬದುಕಿ ಉಳಿದದ್ದು ಮನೆಗೆ ಹೋಗಬಹುದಾಗಿದ್ದ ಹೊತ್ತಿನಲ್ಲಿ ಮೈದಾನದಲ್ಲಿ ಉಳಿದ ಶಿಕ್ಷಕ ಶಿಕ್ಷಕಿಯರಿಂದ. ಈ ಕೆಲಸಕ್ಕೆ ಸಂಬಳವಿಲ್ಲ. ಸಮವಸ್ತ್ರವನ್ನು ಬಹುಪಾಲು ಅವರೇ ಹೊಲಿಸಿಕೊಂಡಿದ್ದಾರೆ. ಶಿಬಿರಕ್ಕೆ ಹೊರಟ ಮಗುವಿನ ಬಸ್ ಚಾರ್ಜಿಗೆ ಎಷ್ಟೋ ಸಲ ಅವರೇ ಜೇಬಿಗೆ ಕೈಹಾಕಿದ್ದಾರೆ. ಯಾರ ಹೆಸರನ್ನೂ ನಾನು ಇಲ್ಲಿ ಬರೆಯುತ್ತಿಲ್ಲ. ಒಬ್ಬರ ಹೆಸರು ಬರೆದರೆ ಹತ್ತು ಮಂದಿಗೆ ಅನ್ಯಾಯವಾಗುತ್ತದೆ.

ಈ ಚಳವಳಿ ನಮ್ಮೂರಿಗೆ ನೆಟ್ಟಗೆ ಬಂದದ್ದಲ್ಲ, ಸುತ್ತು ಬಳಸಿ ಬಂದದ್ದು. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ 20 ಹುಡುಗರನ್ನು ಕಟ್ಟಿಕೊಂಡು ಮೊದಲ ಶಿಬಿರ ನಡೆಸಿದ್ದು 1907ರ ಆಗಸ್ಟ್‌ನಲ್ಲಿ. ಶ್ರೀಮಂತರ ಮಕ್ಕಳೂ ದುಡಿಯುವವರ ಮಕ್ಕಳೂ ಅಲ್ಲಿ ಒಂದೇ ಡೇರೆಯಲ್ಲಿ ಮಲಗಿದರು. ಎರಡೇ ವರ್ಷದಲ್ಲಿ, 1909ರಲ್ಲಿ, ಅದು ಭಾರತಕ್ಕೆ ಬಂತು. ಬಂದದ್ದೂ ನಮ್ಮ ಬೆಂಗಳೂರಿಗೆ. ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬ ಅಧಿಕಾರಿ ಬಿಷಪ್ ಕಾಟನ್ ಶಾಲೆಯಲ್ಲಿ ದೇಶದ ಮೊದಲ ಸ್ಕೌಟ್ ದಳ ಕಟ್ಟಿದ. ಆದರೆ ಆ ದಳದ ಬಾಗಿಲು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. ಎಲ್ಲರ ಗೆಳೆಯನಾಗಿರು ಎಂದು ಹೇಳಿಕೊಡುವ ಚಳವಳಿಯೊಳಗೆ ಈ ನೆಲದ ಮಕ್ಕಳಿಗೆ ಜಾಗವಿರಲಿಲ್ಲ. ಇದನ್ನು ನಾವು ಮರೆಯಬಾರದು, ಮಕ್ಕಳಿಂದ ಮುಚ್ಚಿಡಲೂಬಾರದು.

ಈ ಅನ್ಯಾಯಕ್ಕೆ ಉತ್ತರ ಕೊಟ್ಟವರು ಭಾರತೀಯರೂ ಭಾರತವನ್ನು ತಮ್ಮದೆಂದು ತಿಳಿದವರೂ. ನಾಗಪುರದಲ್ಲಿ ವಿವಿಯನ್ ಬೋಸ್, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದವರು, ಭಾರತೀಯ ಹುಡುಗರನ್ನು ಸೇರಿಸಿಕೊಂಡು ಕೆಲಸ ಮಾಡಿದರು. ಮದರಾಸಿನಲ್ಲಿ ಆನಿ ಬೆಸೆಂಟರು ಜಿ. ಎಸ್. ಅರುಂಡೇಲರೊಂದಿಗೆ ಭಾರತೀಯ ಬಾಲಕರಿಗಾಗಿಯೇ ಸಂಘ ಕಟ್ಟಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಲವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಸ್ಕೌಟರನ್ನು ಕುಂಭಮೇಳದ ಜನಜಂಗುಳಿಯ ನಡುವೆ ಸೇವೆಗೆ ನಿಲ್ಲಿಸಿದರು. ದೊಡ್ಡಬಳ್ಳಾಪುರದ ಬಳಿ ನಮ್ಮ ರಾಜ್ಯ ಸಂಸ್ಥೆಯ ತರಬೇತಿ ಕೇಂದ್ರಕ್ಕೆ ಬೆಸೆಂಟರ ಹೆಸರಿಟ್ಟಿರುವುದು ಆ ಋಣಕ್ಕೆ. ಅಲ್ಲಿಗೆ ತರಬೇತಿಗೆ ಹೋಗುವ ನಮ್ಮ ಶಿಕ್ಷಕರು ಆ ಹೆಸರಿನ ಹಿಂದಿನ ಕಥೆಯನ್ನೂ ಹೊತ್ತು ತರಬೇಕು.

ಇನ್ನೊಂದು ಹೊಳೆ, ಸೇವಾದಳ, ಹುಬ್ಬಳ್ಳಿಯಿಂದ ಹರಿಯಿತು. ಅದು ಸ್ಕೌಟ್ ಸಂಸ್ಥೆಯಲ್ಲ, ಆದರೆ ಕರ್ನಾಟಕದ ಹಳ್ಳಿಯ ಹುಡುಗರಿಗೆ ಶಿಸ್ತು ಮತ್ತು ಸ್ವಯಂಸೇವೆಯ ಮಾತನ್ನು ಮೊದಲು ಮನೆಮನೆಗೆ ತಲುಪಿಸಿದ್ದು ಅದೇ. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಡಾ. ನಾ. ಸು. ಹರ್ಡೀಕರರೂ ಅವರ ಹುಬ್ಬಳ್ಳಿಯ ತಂಡದವರೂ ಜೈಲಿಗೆ ಹೋದರು, ಕ್ಷಮೆ ಬರೆದುಕೊಡಲು ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ನೀರು, ನೈರ್ಮಲ್ಯ, ಜನರ ಓಡಾಟ ಎಲ್ಲವನ್ನೂ ಸ್ವಯಂಸೇವಕರೇ ನೋಡಿಕೊಂಡರು. ಮಹಿಳಾ ಸ್ವಯಂಸೇವಕಿಯರ ಮುಂದಾಳು ಉಮಾಬಾಯಿ ಕುಂದಾಪುರ. ಇಂದಿಗೂ ನಮ್ಮ ಅನೇಕ ಶಾಲೆಗಳಲ್ಲಿ ಒಂದೇ ಮೈದಾನದ ಒಂದು ಮೂಲೆಯಲ್ಲಿ ಸ್ಕೌಟ್, ಇನ್ನೊಂದು ಮೂಲೆಯಲ್ಲಿ ಭಾರತ ಸೇವಾದಳ ನಡೆಯುತ್ತವೆ. ಇವು ಎದುರಾಳಿಗಳೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎರಡೂ ಒಂದೇ ಬಾಯಾರಿಕೆಯಿಂದ ತೋಡಿದ ಬಾವಿಗಳು.

ರಾಯಚೂರು ಸೀಮೆಯ ಮಾತು ಬೇರೆ. ನಾವು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವರು. ಅದರ ಹಿಂದಿನ ತಿಂಗಳುಗಳಲ್ಲಿ ನಮ್ಮ ಹಳ್ಳಿಗಳ ಜನ ಸಮವಸ್ತ್ರ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸಮವಸ್ತ್ರವೆಂದರೆ ರಜಾಕಾರ, ಇಲ್ಲವೇ ಪೊಲೀಸ್. ಗಡಿಯಾಚೆ ಮುಂಡರಗಿಯಲ್ಲಿ ನಿಜಾಮರ ವಿರುದ್ಧ ಹೋರಾಡುತ್ತಿದ್ದ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಮತ್ತೊಂದು ಶಿಬಿರ; ಓದು ಬಿಟ್ಟು ಅಲ್ಲಿಗೆ ಓಡಿಹೋದ ಹುಡುಗರ ಕಥೆಗಳನ್ನು ಕೇಳುತ್ತ ಬೆಳೆದ ಪೀಳಿಗೆ ನಮ್ಮದು. ಅಂಥ ನೆಲದಲ್ಲಿ ಕೆಲವೇ ವರ್ಷಗಳಲ್ಲಿ ಸಮವಸ್ತ್ರ ತೊಟ್ಟ ಮಕ್ಕಳು ಜಾತ್ರೆಯಲ್ಲಿ ನೀರು ಕೊಡುತ್ತ, ಕೈತಪ್ಪಿದ ಕೂಸುಗಳನ್ನು ತಾಯಂದಿರಿಗೆ ಒಪ್ಪಿಸುತ್ತ ನಿಂತರು. ಬೇರೆ ಜಿಲ್ಲೆಯವರಿಗೆ ಇದು ಸಣ್ಣ ಸಂಗತಿಯಾಗಿ ಕಂಡೀತು. ಸಮವಸ್ತ್ರದ ಭಯ ಕಳೆದದ್ದು ನಮಗೆ ದೊಡ್ಡದು.

ರಾಯಚೂರಿಗೆ ಸೇವೆಯ ಪಾಠ ಅದಕ್ಕೂ ಮೊದಲೇ ಗೊತ್ತಿತ್ತು ಎಂಬುದನ್ನೂ ಹೇಳಬೇಕು. ಪಂಡಿತ ತಾರಾನಾಥರು ಇಲ್ಲಿ ಕಟ್ಟಿದ ಶಾಲೆಗೆ ಇಟ್ಟ ಹೆಸರೇ ಹಮ್‌ದರ್ದ್. ಇನ್ನೊಬ್ಬರ ನೋವಿನಲ್ಲಿ ಪಾಲುದಾರ ಎಂದು ಅದರ ಅರ್ಥ. ಸ್ಕೌಟ್ ನಿಯಮಗಳನ್ನೆಲ್ಲ ಒಂದೇ ಮಾತಿನಲ್ಲಿ ಹೇಳು ಎಂದರೆ ನಾನು ಈ ಮಾತನ್ನೇ ಹೇಳುತ್ತೇನೆ.

ಸ್ವಾತಂತ್ರ್ಯಾನಂತರ ಬೇರೆ ಬೇರೆಯಾಗಿ ನಡೆಯುತ್ತಿದ್ದ ಸಂಘಗಳು 1950ರ ನವೆಂಬರ್ 7ರಂದು ಒಂದಾದವು, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಹೆಸರು ಬಂತು. ಮರುವರ್ಷ ಆಗಸ್ಟ್ 15ರಂದು ಹೆಣ್ಣುಮಕ್ಕಳ ಗೈಡ್ ಸಂಘವೂ ಸೇರಿತು. ಹೊಸ ಸಂಸ್ಥೆಯ ಮೊದಲ ರಾಷ್ಟ್ರೀಯ ಜಾಂಬೂರಿ ನಡೆದದ್ದು 1953ರ ಕೊನೆಯಲ್ಲಿ, ಹೈದರಾಬಾದಿನಲ್ಲಿ. ಆಗ ಹೈದರಾಬಾದೇ ನಮ್ಮ ರಾಜಧಾನಿ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಡತಗಳು ಹೈದರಾಬಾದಿನಿಂದ ಬೆಂಗಳೂರಿಗೆ ತಿರುಗಿದವು, ಆದೇಶಗಳು ಉರ್ದುವಿನಿಂದ ಇಂಗ್ಲಿಷಿಗೆ, ಆಮೇಲೆ ಕನ್ನಡಕ್ಕೆ ತಿರುಗಿದವು. ಮುಂದೆ ರಾಜ್ಯ ಸಂಸ್ಥೆಯ ಮುಖ್ಯ ಆಯುಕ್ತರಾದ ಕೊಂಡಜ್ಜಿ ಬಸಪ್ಪನವರಂಥವರು ಉತ್ತರ ದಕ್ಷಿಣ ಎನ್ನದೆ ಎಲ್ಲ ಜಿಲ್ಲೆಗಳ ಮಕ್ಕಳನ್ನು ಒಂದೇ ಶಿಬಿರಕ್ಕೆ ಕರೆಸಿದರು. ದಾವಣಗೆರೆ ಬಳಿಯ ಕೊಂಡಜ್ಜಿಯ ಕೆರೆದಂಡೆಯ ಶಿಬಿರ ಕೇಂದ್ರ ಅದರ ಗುರುತು.

ಇನ್ನು ನಮ್ಮ ಮೈದಾನದ ಮಾತು.

ಆರರಿಂದ ಎಂಟು ಮಕ್ಕಳ ಗುಂಪಿಗೆ ಪೆಟ್ರೋಲ್ ಎಂದು ಹೆಸರು, ಅವರಲ್ಲೇ ಒಬ್ಬ ನಾಯಕ. ಬೇಡನ್ ಪೊವೆಲ್ ಕೊಟ್ಟ ಎಲ್ಲಕ್ಕಿಂತ ದೊಡ್ಡ ವಿಚಾರ ಇದು ಎಂಬುದು ನನ್ನ ಅಭಿಪ್ರಾಯ. ಹನ್ನೆರಡು ವರ್ಷದ ಹುಡುಗನ ಕೈಗೆ ಏಳು ಮಂದಿಯ ಜವಾಬ್ದಾರಿ ಕೊಡುವುದು, ಕೊಟ್ಟ ಮೇಲೆ ನಡುವೆ ಬಾಯಿ ಹಾಕದಿರುವುದು. ಮಾಸ್ತರರಿಗೆ ಇದು ಬಹಳ ಕಷ್ಟ. ಶಾಲೆಯ ಕೋಣೆಯಲ್ಲಿ ನಾವೇ ಮಾತಾಡಿ ರೂಢಿ. ಶಿಬಿರದಲ್ಲಿ ಅನ್ನ ಸೀಯುತ್ತಿರುವುದು ಮೂಗಿಗೆ ಬಡಿದರೂ ಸುಮ್ಮನೆ ಕೂತಿರಬೇಕು. ಸೀದ ಅನ್ನ ಉಂಡ ಪೆಟ್ರೋಲ್ ಮರುದಿನ ಉರಿ ಸಣ್ಣ ಮಾಡುವುದನ್ನು ತಾನೇ ಕಲಿಯುತ್ತದೆ.

ಗಂಟುಗಳ ವಿಷಯದಲ್ಲಿ ನಾನೇ ಮಕ್ಕಳಿಂದ ಪಾಠ ಕಲಿತೆ. ಸ್ಕೌಟ್ ತರಬೇತಿಯ ಬೇಸಿಕ್ ಕೋರ್ಸ್ ಮುಗಿಸಿ ಬಂದ ಹೊಸದರಲ್ಲಿ ಒಂದು ಶನಿವಾರ ಕೋಲಿಗೆ ಕ್ಲೋವ್ ಹಿಚ್ ಹಾಕಿ ತೋರಿಸುತ್ತಿದ್ದೆ. ಹಗ್ಗ ಒಂದು ಸುತ್ತು, ಅದರ ಮೇಲೆ ಅಡ್ಡವಾಗಿ ಇನ್ನೊಂದು ಸುತ್ತು, ತುದಿಯನ್ನು ಒಳಗೆ ತೂರಿಸಿ ಜಗ್ಗಬೇಕು. ಪುಸ್ತಕದಲ್ಲಿ ನಾಲ್ಕು ಚಿತ್ರ ಹಾಕಿ ವಿವರಿಸಿದ ಗಂಟು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸರ, ಇದು ನಮ್ಮಪ್ಪ ಗೂಟಕ್ಕ ಎತ್ತು ಕಟ್ಟೋ ಗಂಟರಿ" ಎಂದ. ಕೊಡು ಎಂದು ಹಗ್ಗ ಕೊಟ್ಟೆ. ಎರಡು ಉಂಗುರ ಮಾಡಿ, ಒಂದರ ಹಿಂದೆ ಒಂದು ಸೇರಿಸಿ, ಕೋಲಿನ ತಲೆಯಿಂದ ಇಳಿಬಿಟ್ಟು ಎಳೆದ. ನನಗೆ ಹತ್ತು ಗಳಿಗೆ ಹಿಡಿದದ್ದು ಅವನಿಗೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಆಯಿತು. ಓದಿನಲ್ಲಿ ಹಿಂದೆ ಬಿದ್ದವನೆಂದು ಎಲ್ಲರೂ ಬಿಟ್ಟಿದ್ದ ಹುಡುಗ ಅವನು. ಅಂದಿನಿಂದ ನಮ್ಮ ದಳಕ್ಕೆ ಗಂಟು ಕಲಿಸುವ ಗುರು ಅವನೇ. ನಾನು ಅದರ ಇಂಗ್ಲಿಷ್ ಹೆಸರು ಹೇಳುತ್ತಿದ್ದೆ, ಅವನು ಅದರ ಕೆಲಸ ಹೇಳುತ್ತಿದ್ದ.

ರೀಫ್ ನಾಟ್ ಮಾತ್ರ ಅವರಿಗೆ ಹೊಸದು. ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಗಂಟು ಸೊಟ್ಟಗೆ ನಿಲ್ಲುತ್ತದೆ, ಜಾರುತ್ತದೆ. ಸರಿಯಾಗಿ ಹಾಕಿದರೆ ಚಪ್ಪಟೆಯಾಗಿ ಮಲಗುತ್ತದೆ. ಅದಕ್ಕೇ ಗಾಯದ ಪಟ್ಟಿಗೆ ಇದನ್ನೇ ಕಟ್ಟುವುದು. ಮೈಗೆ ಒತ್ತುವುದಿಲ್ಲ, ಬಿಚ್ಚುವಾಗ ನೋಯಿಸುವುದಿಲ್ಲ. ಸ್ಕಾರ್ಫನ್ನು ತ್ರಿಕೋನ ಮಾಡಿ ಮುರಿದ ಕೈಗೆ ಜೋಳಿಗೆ ಹಾಕುವಾಗಲೂ ಇದೇ ಗಂಟು. ಕೊರಳಲ್ಲಿರುವ ಬಟ್ಟೆ ಅಂದಕ್ಕೆ ತೊಟ್ಟದ್ದಲ್ಲ ಎಂಬುದು ಮಕ್ಕಳಿಗೆ ತಿಳಿಯುವುದು ಆ ದಿನ.

ನಾರಾಯಣಪುರ ಬಲದಂಡೆ ಕಾಲುವೆ ನಮ್ಮ ತಾಲ್ಲೂಕಿಗೆ ನೀರು ತಂದಿತು, ನಮ್ಮ ದಳಕ್ಕೆ ಗಣಿತದ ಪಾಠವನ್ನೂ ತಂದಿತು. ನೀರಿಗಿಳಿಯದೆ, ದಾಟದೆ, ಕಾಲುವೆಯ ಅಗಲ ಅಳೆಯಬೇಕು. ಆಚೆ ದಂಡೆಯಲ್ಲಿ ಒಂದು ಕಲ್ಲನ್ನು ಗುರುತು ಮಾಡಿಕೊಂಡು ಅದರ ನೇರ ಎದುರಿಗೆ ನಿಲ್ಲುವುದು. ಅಲ್ಲಿಂದ ದಂಡೆಗುಂಟ 20 ಹೆಜ್ಜೆ ನಡೆದು ಒಂದು ಕೋಲು ನೆಡುವುದು. ಅದೇ ಸಾಲಿನಲ್ಲಿ ಮತ್ತೆ 20 ಹೆಜ್ಜೆ. ಅಲ್ಲಿ ಕಾಲುವೆಗೆ ಬೆನ್ನು ಮಾಡಿ ಹೊಲದ ಕಡೆ ನೆಟ್ಟಗೆ ನಡೆಯುತ್ತ, ಹೊರಳಿ ಹೊರಳಿ ನೋಡುವುದು. ಕೋಲು ಮತ್ತು ಆಚೆಯ ಕಲ್ಲು ಒಂದೇ ಗೆರೆಗೆ ಬಂದ ಜಾಗದಲ್ಲಿ ನಿಲ್ಲುವುದು. ಹೊಲದಲ್ಲಿ ಎಷ್ಟು ನಡೆದೆವೋ ಅಷ್ಟೇ ಕಾಲುವೆಯ ಅಗಲ. ಸರ್ವಸಮ ತ್ರಿಭುಜವೆಂದು ಕರಿಹಲಗೆಯ ಮೇಲೆ ವರ್ಷವಿಡೀ ಹೇಳಿದರೂ ಮುಖ ಬಾಡಿಸಿಕೊಂಡು ಕೂರುವ ಮಕ್ಕಳು ಹತ್ತಿಹೊಲದ ನಡುವೆ ನಿಂತು "ಸಿಕ್ತರೀ" ಎಂದು ಕೂಗುತ್ತಾರೆ. ಶಿಕ್ಷಕನಾದವನಿಗೆ ಆ ಕೂಗಿಗಿಂತ ಹೆಚ್ಚಿನದು ಏನು ಬೇಕು?

ಮೌಲ್ಯಗಳ ಬಗ್ಗೆ ಬರೆಯಿರಿ ಎಂದೂ ಕೇಳಿದ್ದಾರೆ. ನಿಯಮಗಳು ಒಂಬತ್ತು: ನಂಬಿಕೆ, ನಿಷ್ಠೆ, ಎಲ್ಲರೊಡನೆ ಗೆಳೆತನ, ವಿನಯ, ಪ್ರಾಣಿ ಪ್ರಕೃತಿಗಳ ಮೇಲೆ ಪ್ರೀತಿ, ಶಿಸ್ತು ಮತ್ತು ಸಾರ್ವಜನಿಕ ಸ್ವತ್ತಿನ ಕಾಳಜಿ, ಧೈರ್ಯ, ಮಿತವ್ಯಯ, ನಡೆನುಡಿಗಳ ಶುದ್ಧಿ. ಬಾಯಿಪಾಠಕ್ಕೆ ಅರ್ಧ ಗಂಟೆ ಸಾಕು. ಆದರೆ ಇವೆಲ್ಲಕ್ಕೂ ಮೊದಲು ಮಗು ಮೂರು ಬೆರಳೆತ್ತಿ ತನ್ನ ಮಾನದ ಮೇಲೆ ಪ್ರತಿಜ್ಞೆ ಮಾಡುತ್ತದೆ. ಕೂಲಿಯವರ ಮಗುವಿಗೆ, ಅವರಿವರ ಮನೆಯ ಮುಂದೆ ಕೈಕಟ್ಟಿ ನಿಂತವರ ಮಗುವಿಗೆ, ನಿನಗೊಂದು ಮಾನವಿದೆ, ಅದರ ಮೇಲೆ ನೀನು ಕೊಟ್ಟ ಮಾತನ್ನು ನಾವು ನಂಬುತ್ತೇವೆ ಎಂದು ಹತ್ತು ಜನರ ಎದುರಿಗೆ ಯಾರು ಹೇಳಿದ್ದಾರೆ? ದೀಕ್ಷೆಯ ದಿನ ಸ್ಕಾರ್ಫ್ ಹಾಕಿಸಿಕೊಂಡು ಎಡಗೈ ಕುಲುಕುವಾಗ ಆ ಮಕ್ಕಳ ಬೆನ್ನು ನೆಟ್ಟಗಾಗುವುದನ್ನು ನಾನು ಪ್ರತಿ ವರ್ಷ ಕಂಡಿದ್ದೇನೆ.

ಎಲ್ಲರೊಡನೆ ಗೆಳೆತನ ಎಂಬ ನಿಯಮದ ಪರೀಕ್ಷೆ ನಡೆಯುವುದು ಶಿಬಿರದ ಒಲೆಯ ಮುಂದೆ. ನಮ್ಮ ಊರುಗಳಲ್ಲಿ ಯಾರು ಯಾರ ಕೈನೀರು ಕುಡಿಯುತ್ತಾರೆ ಎಂಬ ಲೆಕ್ಕ ಇನ್ನೂ ಪೂರ್ತಿ ಅಳಿದಿಲ್ಲ. ಶಿಬಿರದಲ್ಲಿ ಅಡುಗೆ ಸರದಿ ಪೆಟ್ರೋಲಿನದು, ಮನೆತನದ್ದಲ್ಲ. ಇಂದು ರೊಟ್ಟಿ ತಟ್ಟಿದವನು ನಾಳೆ ನೀರು ತರುತ್ತಾನೆ, ನಾಡಿದ್ದು ತಟ್ಟೆ ತೊಳೆಯುತ್ತಾನೆ. ಒಂದು ಸಲ ಇಬ್ಬರು ಹುಡುಗರು ಮೊದಲ ರಾತ್ರಿ ಉಣ್ಣದೆ ಮಲಗಿದರು. ಕಾರಣ ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ಹಿರಿಯ ಸ್ಕೌಟ್ ಮಾಸ್ಟರರೊಬ್ಬರು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಬೆಳಿಗ್ಗೆ ಎದ್ದು, ರಾತ್ರಿ ಆ ಅಡುಗೆ ಮಾಡಿದ ಹುಡುಗನ ಪಕ್ಕದಲ್ಲೇ ಕೂತು, ಅವನ ತಟ್ಟೆಯಿಂದಲೇ ರೊಟ್ಟಿ ಮುರಿದುಕೊಂಡು ತಿಂದರು. ಮಧ್ಯಾಹ್ನ ಆ ಇಬ್ಬರೂ ಸಾಲಿನಲ್ಲಿ ಕೂತರು. ಆ ಗುರುಗಳ ಕೊರಳಲ್ಲಿ ಹಿಮಾಲಯ ವುಡ್ ಬ್ಯಾಡ್ಜಿನ ಎರಡು ಮರದ ಮಣಿಗಳಿದ್ದವು. ಅವನ್ನು ಯಾವುದಕ್ಕೆ ಕೊಡುತ್ತಾರೆಂಬುದು ನನಗೆ ಅಂದು ಅರ್ಥವಾಯಿತು.

ನಮ್ಮಲ್ಲಿ ಖರೀ ಕಮಾಯಿ ಎಂಬ ದಿನವಿದೆ. ಮಕ್ಕಳು ಮನೆಯಿಂದ ದುಡ್ಡು ತರುವಂತಿಲ್ಲ, ದುಡಿದು ತರಬೇಕು. ಹಿಂದಿಯ ಹೆಸರಾದರೂ ನಮ್ಮ ಕಡೆ ಅದಕ್ಕೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಖರೇ ಅನ್ನುವುದು ನಮ್ಮ ನಿತ್ಯದ ಮಾತು, ಕಮಾಯಿಯೂ ನಮ್ಮದೇ. ಕಿರಾಣಿ ಅಂಗಡಿಯಲ್ಲಿ ಅರ್ಧ ದಿನ ಕಾಳು ಆರಿಸಿ, ಸೈಕಲ್ ಒರೆಸಿ ಕೊಟ್ಟು, ಹತ್ತು ಇಪ್ಪತ್ತು ರೂಪಾಯಿ ತಂದು ಡಬ್ಬಿಗೆ ಹಾಕುವಾಗ ಅಂಗೈ ತೋರಿಸುತ್ತಾರೆ. ಕಾಯಕದ ಮಾತನ್ನು ಜಗತ್ತಿಗೆ ಹೇಳಿದ ನಾಡು ಇದು. ಪಟ್ಟಣದ ದಳಗಳು ಈಗ ಇದರ ಬದಲು ಪಾಲಕರಿಂದ ವಂತಿಗೆ ಎತ್ತುತ್ತಿವೆ ಎಂದು ಕೇಳಿದೆ. ಅದು ತಪ್ಪು. ನಾವು ಹಾಗೆ ಮಾಡುವುದು ಬೇಡ.

ಹೆಣ್ಣುಮಕ್ಕಳ ಗೈಡ್ ದಳ ಕಟ್ಟುವುದು ಇದೆಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. 2011ರ ಜನಗಣತಿಯಲ್ಲಿ ಕೂಡ ರಾಯಚೂರು ಜಿಲ್ಲೆಯ ಮಹಿಳಾ ಸಾಕ್ಷರತೆ ಅರ್ಧವನ್ನು ಮುಟ್ಟಿರಲಿಲ್ಲ. ಅದಕ್ಕೂ ಹಿಂದಿನ ಕಾಲದಲ್ಲಿ ಹೆಣ್ಣು ಹುಡುಗಿಯನ್ನು ಮೂರು ರಾತ್ರಿ ಊರ ಹೊರಗೆ ಶಿಬಿರಕ್ಕೆ ಕಳಿಸಿ ಎಂದು ಕೇಳುವುದಕ್ಕೇ ಎದೆಗಾರಿಕೆ ಬೇಕಿತ್ತು. ನಮ್ಮ ಗೈಡ್ ಕ್ಯಾಪ್ಟನ್ ಒಬ್ಬರು ಮನೆಮನೆಗೆ ನಡೆದು ಕೇಳಿದರು. ಒಂದು ಮನೆಯಲ್ಲಿ ತಂದೆ, "ರಾತ್ರಿ ಹೊರಗ ಬಿಡಂಗಿಲ್ರಿ ಬಾಯಾರ. ನಾಕು ಮಂದಿ ಏನಂದಾರು?" ಎಂದರು. ಅವರು ಹೊಸ್ತಿಲ ಮೇಲೆಯೇ ಕೂತು, "ನನ್ನ ಮಗಳೂ ಬರ್ತಾಳ್ರಿ ಯಜಮಾನ್ರ. ಅಕಿ ಒಂದು ಮಗ್ಗಲಿಗೆ, ನಾ ಒಂದು ಮಗ್ಗಲಿಗೆ, ನಡಬರಕ ನಿಮ್ಮಾಕಿ" ಎಂದರು. ಆ ಹುಡುಗಿ ಬಂದಳು. ಮರುವರ್ಷ ಅದೇ ಓಣಿಯಿಂದ ಐದು ಮಂದಿ ಬಂದರು. 2016ರ ಕೊನೆಯಲ್ಲಿ ಮೈಸೂರಿನ ರಾಷ್ಟ್ರೀಯ ಜಾಂಬೂರಿ, 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಎಂದು ಕಲ್ಯಾಣ ಕರ್ನಾಟಕದ ಹುಡುಗಿಯರು ಇಂದು ಟ್ರಂಕು ಹೊತ್ತು ಹೊರಡುತ್ತಾರಲ್ಲ, ಅದರ ದಾರಿ ತೆರೆದದ್ದು ಇಂಥ ಹೊಸ್ತಿಲುಗಳ ಮೇಲೆ ಕೂತ ಬಾಯಾರುಗಳು.

ನಮ್ಮ ದಳಗಳಿಗೆ ಬೇರೆ ಊರಿನವರಿಗಿಲ್ಲದ ಒಂದು ಕಷ್ಟವಿದೆ. ಸುಗ್ಗಿ ಮುಗಿಯುತ್ತಿದ್ದಂತೆ ಮನೆಗಳಿಗೆ ಬೀಗ ಬೀಳುತ್ತವೆ. ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಗುಳೆ. ಜೂನ್ ತಿಂಗಳಲ್ಲಿ ಎಂಟು ಮಂದಿ ಇದ್ದ ಪೆಟ್ರೋಲ್ ಜನವರಿಯ ಹೊತ್ತಿಗೆ ನಾಲ್ಕಾಗುತ್ತದೆ. ಪ್ರಥಮ ಸೋಪಾನ ಮುಗಿಸಿದ ಮಗು ದ್ವಿತೀಯ ಸೋಪಾನದ ಪರೀಕ್ಷೆಗೆ ಊರಲ್ಲಿರುವುದಿಲ್ಲ. ರಾಜ್ಯ ಪುರಸ್ಕಾರದ ಪಟ್ಟಿಯಲ್ಲಿ ನಮ್ಮ ತಾಲ್ಲೂಕಿನ ಹೆಸರು ಕಡಿಮೆ ಎಂದು ಯಾರಾದರೂ ಆಡಿಕೊಂಡರೆ ಅವರಿಗೆ ಈ ಲೆಕ್ಕವನ್ನು ಹೇಳಬೇಕು. ಒಬ್ಬ ಹುಡುಗ ಐದು ತಿಂಗಳು ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಲ್ಲಿದ್ದು ಮಳೆಗಾಲಕ್ಕೆ ಮರಳಿ ಬಂದ. ಸ್ಕಾರ್ಫ್ ಕಳೆದಿರಬಹುದು ಎಂದುಕೊಂಡಿದ್ದೆ. ಮಡಚಿಟ್ಟದ್ದು ಹಾಗೇ ಇತ್ತು, ಹಗ್ಗ ಮಾತ್ರ ಇರಲಿಲ್ಲ. ಕೇಳಿದಾಗ, "ತಂಗೀಗೆ ಸೀರಿ ಜೋಲಿ ಕಟ್ಟಿದ್ದೆರಿ ಸರ. ಅವ್ವ ಕೆಲಸಕ್ಕ ಹೋದಾಗ ತೂಗಾಕ. ಗಂಟು ಒಮ್ಮೀನೂ ಸಡಿಲಾಗಲಿಲ್ಲ" ಎಂದ. ಅವನಿಗೆ ನಾನು ಹೊಸ ಹಗ್ಗ ಕೊಟ್ಟೆ. ಅವನ ಹೆಸರು ಯಾವ ಪ್ರಶಸ್ತಿ ಪಟ್ಟಿಯಲ್ಲೂ ಇಲ್ಲ.

ಕೃಷ್ಣೆ ನಮಗೆ ತಾಯಿ. ಆದರೆ ಮುನಿದ ವರ್ಷ ಅವಳ ದಡದ ಊರುಗಳಿಗೆ ನಿದ್ದೆ ಇರುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಮಳೆ ನೆರೆಗಳನ್ನು ಇಲ್ಲಿ ಯಾರೂ ಮರೆತಿಲ್ಲ. 2019ರ ಆಗಸ್ಟಿನಲ್ಲಿ ಮತ್ತೆ ಹೊಳೆ ಬಂತು, ಹೂವಿನಹೆಡಗಿ ಸೇತುವೆ ಮುಳುಗಿತು. ಆಗಸ್ಟ್ 10ರಂದು ಹಿರೇರಾಯಕುಂಪಿ ಊರಿನ ಬಳಿ ಒಂದು ಆಂಬುಲೆನ್ಸ್ ನೀರು ಹೊಕ್ಕ ಸೇತುವೆಯ ಮುಂದೆ ನಿಂತಿತು. ಒಳಗೆ ಒಬ್ಬ ಹೆಣ್ಣುಮಗಳ ಶವ, ಜೊತೆಗೆ ಮಕ್ಕಳು. ಸೇತುವೆ ಎಲ್ಲಿದೆ, ಹೊಳೆ ಎಲ್ಲಿದೆ ಎಂದು ಚಾಲಕನಿಗೆ ತಿಳಿಯದಾಗ ಆರನೇ ಇಯತ್ತೆಯ ಹನ್ನೆರಡು ವರ್ಷದ ಹುಡುಗನೊಬ್ಬ ಮುಂದೆ ಮುಂದೆ ನೀರಿನಲ್ಲಿ ಓಡುತ್ತ ದಾರಿ ತೋರಿಸಿದ. ಎಡವಿದ, ಎದ್ದ, ಮತ್ತೆ ಓಡಿದ. ಹಿಂದೆ ಗಾಡಿ ದಾಟಿತು. ಸ್ವಾತಂತ್ರ್ಯ ದಿನಾಚರಣೆಯಲ್ಲಿ ಜಿಲ್ಲಾಡಳಿತ ಅವನನ್ನು ಗೌರವಿಸಿತು, ಆಮೇಲೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಅವನು ನಮ್ಮ ತಾಲ್ಲೂಕಿನ ಮಗ. ಧೈರ್ಯದ ನಿಯಮ ಹೇಳಿಕೊಡುವಾಗ ಇಂಗ್ಲೆಂಡಿನ ಕಥೆ, ಆಫ್ರಿಕಾದ ಕಥೆ ನಮಗೆ ಇನ್ನು ಬೇಡ.

ಆ ಕಥೆ ಹೇಳಿ ಮುಗಿಸಿದ ಮೇಲೆ ಇನ್ನೊಂದು ಮಾತನ್ನೂ ನಾನು ತಪ್ಪದೆ ಹೇಳುತ್ತೇನೆ. ಹರಿಯುವ ನೀರಿಗೆ ಮಕ್ಕಳು ಇಳಿಯಬಾರದು. ದಂಡೆಯಲ್ಲಿ ನಿಂತು ಹಗ್ಗ ಎಸೆಯುವುದು, ಕೋಲು ಚಾಚುವುದು, ದೊಡ್ಡವರನ್ನು ಕೂಗಿ ಕರೆಯುವುದು, ಇಷ್ಟೇ ನಿಮ್ಮ ಕೆಲಸ. ಸದಾ ಸಿದ್ಧನಾಗಿರು ಎಂಬ ನಮ್ಮ ಧ್ಯೇಯವಾಕ್ಯದ ಅರ್ಥ ಜೀವ ಕೊಡಲು ಸಿದ್ಧನಾಗಿರು ಎಂದಲ್ಲ. ಮೊದಲೇ ಕಲಿತಿರು, ಹಗ್ಗ ಕೈಗೆಟುಕುವಲ್ಲಿ ಇಟ್ಟಿರು ಎಂದು. ಮಕ್ಕಳ ಧೈರ್ಯವನ್ನು ಹೊಗಳುವ ನಾವು ಆ ಧೈರ್ಯದ ಅಗತ್ಯ ಬೀಳದಂತೆ ಎತ್ತರದ ಸೇತುವೆ ಕಟ್ಟಿಸುವುದನ್ನೂ ಕೇಳಬೇಕು.

ಕೊನೆಯದಾಗಿ ನಮ್ಮ ಕೊರತೆಯ ಮಾತು. ಮೆಚ್ಚುಗೆಯನ್ನಷ್ಟೇ ಬರೆದರೆ ಇದು ಇತಿಹಾಸವಾಗುವುದಿಲ್ಲ. ಒಬ್ಬ ಶಿಕ್ಷಕರಿಂದ ಹುಟ್ಟಿದ ದಳ ಆ ಶಿಕ್ಷಕರ ವರ್ಗಾವಣೆಯ ದಿನ ಅನಾಥವಾಗುತ್ತದೆ. ನಾನು ಕೆಲಸ ಮಾಡಿದ ಒಂದು ಶಾಲೆಗೆ ಕೆಲವು ವರ್ಷ ಬಿಟ್ಟು ಹೋದಾಗ ನಮ್ಮ ಧ್ವಜ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಕ್ಕಳು ಕೈಯಾರೆ ಬರೆದ ಶಿಬಿರದ ದಿನಚರಿಗಳು ಹಳೆಯ ಬೆಂಚುಗಳ ಕೆಳಗೆ ಗೆದ್ದಲು ಹಿಡಿದು ಬಿದ್ದಿದ್ದವು. ಹೊಸದಾಗಿ ಬಂದವರ ತಪ್ಪಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿ ಹೋಗಿರಲಿಲ್ಲ. ಆ ದಿನಚರಿಗಳು ಉಳಿದಿದ್ದರೆ ಈ ಲೇಖನವನ್ನು ನಾನು ಬರೆಯಬೇಕಾಗಿರಲಿಲ್ಲ, ಮಕ್ಕಳ ಕೈಬರಹವನ್ನೇ ಅಚ್ಚು ಹಾಕಬಹುದಿತ್ತು.

ಆದ್ದರಿಂದ ಈ ಸಂಚಿಕೆ ಓದುವ ಹಳೆಯ ಸ್ಕೌಟರಲ್ಲಿ, ಗೈಡರಲ್ಲಿ ನನ್ನದು ಎರಡು ಕೋರಿಕೆ. ನೀವು ಇಂದು ಎಲ್ಲೇ ಇರಿ, ಜಾಲಹಳ್ಳಿಯಲ್ಲಿ, ಗಬ್ಬೂರಿನಲ್ಲಿ, ಅರಕೇರಾದಲ್ಲಿ, ಬೆಂಗಳೂರಿನಲ್ಲಿ. ಮನೆಯ ಟ್ರಂಕಿನ ತಳದಲ್ಲಿ ಹಳೆಯ ದಿನಚರಿಯೋ ಶಿಬಿರದ ಫೋಟೋವೋ ಇದ್ದರೆ ಅದರ ಹಿಂದೆ ಊರು, ವರ್ಷ, ನಿಮ್ಮ ಮಾಸ್ತರರ ಹೆಸರು ಬರೆದು ನಮಗೆ ತಲುಪಿಸಿ. ಊರಿನಲ್ಲೇ ಇರುವವರು ತಿಂಗಳಿಗೆ ಒಂದು ಶನಿವಾರ ನಿಮ್ಮೂರ ಶಾಲೆಯ ಮೈದಾನಕ್ಕೆ ಬನ್ನಿ, ಅಲ್ಲಿನ ಶಿಕ್ಷಕರ ಪಕ್ಕದಲ್ಲಿ ಎರಡನೆಯವರಾಗಿ ನಿಲ್ಲಿ. ನಾಳೆ ಅವರಿಗೆ ವರ್ಗವಾದರೂ ಶಿಳ್ಳೆ ಊದಲು ಒಬ್ಬರು ಉಳಿದಿರಬೇಕು. ಸಮವಸ್ತ್ರ ಬೇಕಿಲ್ಲ, ನಿಯಮ ಮರೆತಿದ್ದರೂ ಚಿಂತೆಯಿಲ್ಲ. ಬರುವಾಗ ಎರಡು ಮಾರು ಹಗ್ಗ ತನ್ನಿ.